ಕುರ್ಚಿ ಬಿಟ್ಟು ಏಳುವಂತಿಲ್ಲ

“ಪರೀಕ್ಷೆಯ ದಿನ ನಿಮ್ಮ ಎಡಗಡೆ ಯಾರಮ್ಮಾ ಇದ್ದರು?”

ಮೇಷ್ಟ್ರು ಕೇಳಿದ್ದು ಫೋನಿನ ಪರದೆಯೊಳಗಿಂದ. ಫೋನು ಹೊಲಿಗೆ ಯಂತ್ರದ ಮೇಲೆ, ನೂಲಿನ ಡಬ್ಬಿಗೆ ಒರಗಿಕೊಂಡಿತ್ತು. ಎದುರಿಗೆ ಕೈಕಟ್ಟಿ ಕೂತಿದ್ದ ಹೆಂಗಸು ಒಮ್ಮೆ ಎಡಕ್ಕೆ ಕಣ್ಣು ಹಾಯಿಸಿದಳು. ಮೂರು ವರ್ಷ ಅವರ ಪಾಠವನ್ನೆಲ್ಲ ಅವಳು ಈ ಯಂತ್ರದ ಮುಂದೆ ಕೂತೇ ಕೇಳಿದ್ದಳು. ಅವರು ಮಾತ್ರ ಅವಳ ಮುಖವನ್ನು ನೇರವಾಗಿ ನೋಡುತ್ತಿದ್ದುದು ಇವತ್ತೇ, ಈ ನಕಲಿನ ವಿಚಾರಣೆಯಲ್ಲಿ.

“ಹೇಳಲ್ವಾ? ಸರಿ, ನಾನೇ ತೋರಿಸ್ತೀನಿ,” ಎಂದು ಅವರು ಪರೀಕ್ಷೆಯ ವಿಡಿಯೋ ಹಾಕಿದರು. ಕೊನೆಯ ವರ್ಷದ ಇತಿಹಾಸ ಪತ್ರಿಕೆ. ಮನೆಯಲ್ಲೇ ಕ್ಯಾಮೆರಾದ ಎದುರು ಕೂತು ಬರೆಯಬೇಕು. ಮುಗಿಯುವ ತನಕ ಕುರ್ಚಿ ಬಿಟ್ಟು ಏಳುವಂತಿಲ್ಲ, ಎದ್ದರೆ ಪತ್ರಿಕೆ ರದ್ದು. ವಿಡಿಯೋದಲ್ಲಿ ಅವಳು ಬರೆಯುತ್ತಿದ್ದಾಳೆ. ಎಡಗಡೆಯಿಂದ ಗಂಡಸಿನ ದನಿಯೊಂದು ಮೆಲ್ಲಗೆ ಕೇಳಿಸುತ್ತದೆ. ಅವಳು ಅತ್ತ ತಿರುಗಿ ತಲೆಯಾಡಿಸುತ್ತಾಳೆ, ಬಗ್ಗಿ ಸರಸರ ಬರೆಯುತ್ತಾಳೆ. ಮತ್ತೆ ದನಿ, ಮತ್ತೆ ತಲೆಯಾಡಿಸುವುದು, ಮತ್ತೆ ಬರೆಯುವುದು.

“ನಿಮ್ಮ ಯಜಮಾನರು ಹೈಸ್ಕೂಲಲ್ಲಿ ಇತಿಹಾಸದ ಮೇಷ್ಟ್ರಂತೆ. ಮನೇಲೇ ಮೇಷ್ಟ್ರನ್ನ ಇಟ್ಕೊಂಡು ನಮ್ಮ ಪಾಠ ಯಾಕಮ್ಮಾ ಬೇಕಿತ್ತು ನಿಮಗೆ? ಮೂರು ವರ್ಷದಲ್ಲಿ ಒಂದು ದಿನ ಮೈಕ್ ಆನ್ ಮಾಡ್ಲಿಲ್ಲ ನೀವು. ಏನು ಕೇಳಿದ್ರೂ ಟೈಪ್ ಮಾಡಿ ಉತ್ತರ, ಅದೂ ಎಲ್ಲರಿಗಿಂತ ಮೊದಲು. ಯಾಕೆ ಅಂತ ಈಗ ಗೊತ್ತಾಯ್ತು ಬಿಡಿ.”

“ಮೇಷ್ಟ್ರಾಗಿದ್ರು ಸರ್. ನನ್ನ ಕೋರ್ಸಿಗೆ ಸೇರಿಸಿದ್ದೂ ಅವರೇ. ಸೇರಿಸಿದ ವರ್ಷಾನೇ ಪಾರ್ಶ್ವವಾಯು ಹೊಡೀತು. ಮಲಗಿದಲ್ಲೇ ಎಲ್ಲ. ಮಾತಿಲ್ಲ.”

“ಮಾತಿಲ್ಲ ಅಂದ ಮೇಲೆ ಈ ದನಿ?”

“ಅದೊಂದು ಉಳಿದಿದೆ ಸರ್. ನೀರು ಬೇಕಾದ್ರೂ ಅದೇ, ನನ್ನ ಬೈಬೇಕಾದ್ರೂ ಅದೇ. ಮೈಕ್ ಆನ್ ಮಾಡಿದ್ರೆ ಕ್ಲಾಸಿಗೆಲ್ಲ ಕೇಳಿಸ್ತಿತ್ತು. ಯಾರಾದ್ರೂ ನಕ್ಕುಬಿಟ್ರೆ ಅಂತ...”

ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಫೋನು ಸ್ವಲ್ಪ ಆ ಕಡೆ ತಿರುಗಿಸಿ. ಒಂದು ಸಲ ನೋಡಿಬಿಟ್ಟರೆ ನನ್ನ ಕೆಲಸ ಮುಗೀತು.”

ಅವಳ ಕೈ ಫೋನಿನ ತನಕ ಹೋಗಿ ಹಿಂದಕ್ಕೆ ಬಂತು.

“ಬೇಡ ಸರ್. ಇಸ್ತ್ರಿ ಇಲ್ಲದ ಅಂಗಿ ಹಾಕ್ಕೊಂಡು ಒಂದು ದಿನ ಕ್ಲಾಸಿಗೆ ಹೋದೋರಲ್ಲ ಅವರು. ಹೀಗೆ ಬಿದ್ದಿರೋದನ್ನ ಇನ್ನೊಬ್ಬ ಮೇಷ್ಟ್ರು ನೋಡೋದು ಬೇಡ.”

“ನೋಡದೆ ಹೇಗಮ್ಮಾ ನಂಬಲಿ? ನನ್ನ ಹತ್ರ ಬರೋರ ಮನೇಲೆಲ್ಲ ಯಾರಾದರೂ ಕಾಯಿಲೆಯವರು ಇದ್ದೇ ಇರ್ತಾರೆ. ಪರೀಕ್ಷೆ ಟೈಮಲ್ಲಂತೂ ಇನ್ನೂ ಜಾಸ್ತಿ. ನಕಲು ಅಂತ ಬರೆದೆ ಅಂದ್ರೆ ನಿಮ್ಮ ಮೂರು ವರ್ಷದ ಓದೂ ಮಣ್ಣುಪಾಲು, ಯೋಚನೆ ಮಾಡಿ.”

ಅವಳು ಯೋಚನೆ ಮಾಡದೆ ಇರಲಿಲ್ಲ. ಡಿಗ್ರಿ ಮುಗಿಸಿದರೆ ಗಂಡನ ಶಾಲೆಯ ಗ್ರಂಥಾಲಯದಲ್ಲಿ ಅವಳಿಗೊಂದು ಕೆಲಸ ಕಾದಿತ್ತು. ಹೆಡ್ಮಾಸ್ಟರು ತಾವೇ ಮನೆಗೆ ಬಂದು ಮಾತು ಕೊಟ್ಟು ಹೋಗಿದ್ದರು. ಬೇರೆಯವರ ಪ್ಯಾಂಟಿನ ಜಿಪ್ಪು ಬದಲಾಯಿಸಿಕೊಂಡು ಎಷ್ಟು ದಿನ ಔಷಧಿ ತಂದಾಳು? ಆದರೂ ಫೋನು ತಿರುಗಲಿಲ್ಲ.

“ಬರ್ಕೊಳ್ಳಿ ಸರ್,” ಎಂದಳು.

ಅಷ್ಟರಲ್ಲಿ ಎಡಗಡೆಯಿಂದ ದನಿ ಬಂತು. ಗಂಟಲಲ್ಲೇ ಸಿಕ್ಕಿಕೊಂಡು, ಅಕ್ಷರವಾಗದೆ ಹಾಗೇ ಎಳೆದುಕೊಂಡು ಹೋಗುವ ದನಿ. ಅವಳು ತನಗೇ ತಿಳಿಯದಂತೆ ಅತ್ತ ತಿರುಗಿ, ತಡೀರಿ ಎನ್ನುವ ಹಾಗೆ ತಲೆಯಾಡಿಸಿದಳು. ಮೇಷ್ಟ್ರು ನೋಡಿದರು. ವಿಡಿಯೋದಲ್ಲಿದ್ದದ್ದೂ ಅದೇ ದನಿ, ಅದೇ ತಲೆಯಾಡಿಸುವಿಕೆ.

“ಹೋಗಿ, ಏನು ಬೇಕೋ ನೋಡಿಬನ್ನಿ.”

“ಎದ್ದರೆ...”

“ಇದು ಪರೀಕ್ಷೆ ಅಲ್ಲ ತಾಯಿ. ಏಳಿ.”

ಪರದೆಯಲ್ಲಿ ಖಾಲಿ ಕುರ್ಚಿ ಉಳಿಯಿತು. ಅದರ ಹಿಂದಿನ ಗೂಟದಲ್ಲಿ ತೋಳು ಹಚ್ಚಬೇಕಾಗಿದ್ದ ಯಾರದೋ ಅಂಗಿ. ಮಂಚ ಕಿರ್ರೆಂದಿತು.

“ಬಂದೆ ಕಣ್ರೀ, ಬಂದೆ. ಕೈ ಇಲ್ಲಿ ಹಾಕಿ, ನನ್ನ ಹೆಗಲ ಮೇಲೆ. ಹಾಂ, ಹಾಗೆ. ಅಲ್ರೀ, ನಿಮ್ಮ ದೆಸೆಯಿಂದ ಈ ವಯಸ್ಸಲ್ಲಿ ಕಾಪಿ ಹೊಡೆದೋಳು ಅನ್ನಿಸ್ಕೊಂಡೆ, ನೋಡಿ. ಇದ್ದ ಮಾನಾನೂ ಹೋಯ್ತು.” ಮತ್ತೆ ಅದೇ ದನಿ, ಈ ಸಲ ತುಂಡುತುಂಡಾಗಿ. “ನಗ್ತೀರಾ? ನಗಿ, ನಗಿ. ನಿಮಗೇನು, ಆರಾಮಾಗಿ ಮಲಗಿದೀರಿ.”

ಮೇಷ್ಟ್ರು ಪರದೆ ನೋಡುವುದನ್ನು ಬಿಟ್ಟು ತಮ್ಮ ಮೇಜನ್ನು ನೋಡುತ್ತ ಕೂತರು. ಅವಳು ಕೈ ಒರೆಸಿಕೊಳ್ಳುತ್ತ ಬಂದು ಕೂತ ಮೇಲೂ ಅವರು ತಲೆಯೆತ್ತಲಿಲ್ಲ.

“ಬಟ್ಟೆ ಒದ್ದೆಯಾಗಿತ್ತು ಸರ್.”

“ಆವತ್ತೂ?”

“ಆವತ್ತೂ ಅದೇ. ಕರೀತಾನೇ ಇದ್ರು. ಪತ್ರಿಕೆ ಮುಗಿಯೋ ತನಕ ಒದ್ದೆಯಲ್ಲೇ ಬಿಟ್ಟೆ. ಏಳೋ ಹಾಗಿರಲಿಲ್ವಲ್ಲ. ನಾನು ಮಾಡಿದ ತಪ್ಪು ಅದೊಂದೇ. ಬೇಕಾದ್ರೆ ಅದನ್ನ ಬರ್ಕೊಳ್ಳಿ.”

ಮೇಷ್ಟ್ರು ನಿಧಾನವಾಗಿ ಟೈಪು ಮಾಡಿ ಓದಿ ಹೇಳಿದರು: “ಕೋಣೆಯನ್ನು ನೋಡಿದ್ದೇನೆ. ನಕಲು ನಡೆದಿಲ್ಲ.”

“ನೀವು ನೋಡಲೇ ಇಲ್ವಲ್ಲ ಸರ್.”

“ನೋಡಿದೆನಮ್ಮಾ,” ಎಂದರು ಅವರು. “ಅವರು ಏನೂ ಹೇಳಿಕೊಡಲಿಲ್ಲ ಅಂತ ನೀವೂ ಒಂದು ಮಾತು ಹೇಳಿಬಿಡಿ. ರೆಕಾರ್ಡಿಗೆ ಬೇಕು, ಅಷ್ಟೇ.”

ಅವಳು ಮಂಚದ ಕಡೆ ನೋಡಿದಳು.

“ಹೇಳಿಕೊಡಲಿಲ್ಲ ಸರ್,” ಎಂದಳು. ಆಮೇಲೆ ತನಗೆ ತಾನೇ ಅನ್ನುವ ಹಾಗೆ ಅಂದಳು: “ಒಂದು ತಪ್ಪು ಉತ್ತರ ಹೇಳಿಕೊಟ್ಟಿದ್ರೂ ಸಾಕಿತ್ತು. ಖುಷಿಯಿಂದ ಫೇಲಾಗ್ತಿದ್ದೆ.”