ಮೊದಲ ಪುಟಕ್ಕೆ ಬಂದ ಗಂಡ

ನೆಟ್ಟಿನಲ್ಲಿ ಹುಡುಕುವವರ ಕಣ್ಣಿಗೆ ತಮ್ಮ ವೆಬ್‌ಸೈಟು ಬೀಳುತ್ತಿರುವ ತನಕ ಸತ್ತವರು ಸಂಜೆ ಚಹಾಕ್ಕೆ ಮನೆಗೆ ಬರುತ್ತಿದ್ದರು. ಇಂದಿರಾಬಾಯಿಯ ಗಂಡ, ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ವಾಮನರಾಯರದು ಹುಡುಕಾಟದ ಮೂರನೆಯ ಪುಟಕ್ಕೆ ಜಾರಿತ್ತು; ಮಸುಕಾದ ಅವರ ಎದೆಯ ಮೂಲಕ ಹಿಂದಿನ ಗೋಡೆಯ ಗಡಿಯಾರ ಕಾಣುತ್ತಿತ್ತು.

"ಅಣ್ಣನ ಹೆಸರು ಯಾರೂ ಹುಡುಕಂಗಿಲ್ಲ, ವೈನಿ," ಎಂದಳು ನಾದಿನಿ ಸುಮಿತ್ರಾ. "ಹುಬ್ಬಳ್ಳ್ಯಾಗ ಹಾರ್ಮೋನಿಯಂ ರಿಪೇರಿ ಅಂತ ಹುಡುಕ್ತಾರ. ಅದನ್ನ ಮ್ಯಾಲೆ ಹಾಕ್ರಿ. ನಿಮ್ಮ ಮದಿವಿ ಫೋಟೋ, ಸಂಸಾರದ ಕತಿ ಎಲ್ಲಾ ತಗೀರಿ. ಅವು ಪುಟಾನ ಕೆಳಗ ಜಗ್ತಾವ."

ಇಂದಿರಾಬಾಯಿ ಮನಸ್ಸು ಗಟ್ಟಿಮಾಡಿಕೊಂಡು ಒಂದೊಂದಾಗಿ ಅಳಿಸಿದಳು.

ವಾರದೊಳಗೆ ವೆಬ್‌ಸೈಟು ಮೊದಲ ಪುಟಕ್ಕೇರಿತು. ಅಂದು ಸಂಜೆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ವಾಮನರಾಯರು ಬದುಕಿದ್ದಾಗಿನಷ್ಟೇ ಗಟ್ಟಿಯಾಗಿ ಒಳಬಂದು ಕುಳಿತರು. ಅವಳು ಚಹಾ ತಂದಿಟ್ಟಳು. ಅವಳ ಮುಖ ನೋಡಿ ಅವರು ಮರ್ಯಾದೆಯಿಂದ ಕೇಳಿದರು:

"ಹಾರ್ಮೋನಿಯಂ ತಂದೀರೇನ್ರಿ, ಅಕ್ಕಾರ?"