ಎದ್ದ ಮೊಳೆ

“ಶೀಟು ಹೊದಿಸಿ ಒಂದು ವರ್ಷ ಆಗಿಲ್ಲ, ಆಗಲೇ ಮೊಳೆಗಳೆಲ್ಲ ಎದ್ದು ನಿಂತಿವೆ! ನಿನ್ನೆ ಮಳೆಗೆ ನನ್ನ ಪುಸ್ತಕ ಎಲ್ಲಾ ಒದ್ದೆ ಮುದ್ದೆ. ಇದೇನಯ್ಯ ನಿನ್ನ ಕೆಲಸ?” ಏಣಿಯ ಬುಡದಲ್ಲಿ ನಿಂತು ಮನೆಯ ಯಜಮಾನರು ಕೂಗಾಡಿದರು.

ಮೇಲಿದ್ದ ಬಡಗಿ ಒಂದು ಮೊಳೆಯನ್ನು ಬೆರಳಲ್ಲೇ ಕಿತ್ತು ಕೆಳಗೆಸೆದ. ಅವನಿಗೂ ಸಿಟ್ಟು ನೆತ್ತಿಗೇರಿತ್ತು.

“ಮೊಳೆದೇನೂ ತಪ್ಪಿಲ್ಲ ಸ್ವಾಮಿ. ಕೆಳಗಿನ ಮರ ಒಣಗಿ ಕುಗ್ಗಿದೆ, ಅದಕ್ಕೇ ಮೇಲಕ್ಕೆದ್ದಿವೆ. ಹಸಿ ಮರ, ಒಂದು ಬೇಸಿಗೆ ಒಣಗಲಿ ಅಂತ ಅವತ್ತೇ ಬಡ್ಕೊಂಡೆ. ಕೇಳಿದ್ರಾ?”

“ಬಾಯಿ ಮುಚ್ಚು! ಆ ಶುಕ್ರವಾರ ಬಿಟ್ಟಿದ್ರೆ ಗೃಹಪ್ರವೇಶಕ್ಕೆ ಎರಡು ವರ್ಷ ಒಳ್ಳೆ ಮುಹೂರ್ತವೇ ಇರ್ಲಿಲ್ಲ. ಅಂಥ ಗಳಿಗೇಲಿ ಹೊಕ್ಕ ಮನೆಗೆ ಒಂದು ಕುಂದೂ ಬರಬಾರದು, ಗೊತ್ತಾ? ಎಲ್ಲಾ ನಿನ್ನ ಕೈಗುಣ!”

“ಹಾಗಾದ್ರೆ ಆ ಮುಹೂರ್ತ ಇಟ್ಟ ಜೋಯಿಸರನ್ನ ಬೈಯಿರಿ, ನನ್ನನ್ನ ಯಾಕೆ ಬೈತೀರಿ?”

ಯಜಮಾನರು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ ಕೇಳಿತು.

“ರೀ, ಮದುವೆ ಮುಹೂರ್ತ ಇಡಿಸೋಕೆ ಜನ ಬಂದು ಕೂತಿದ್ದಾರೆ. ನಿಮ್ಮ ಪಂಚಾಂಗ ಇನ್ನೂ ಒಣಗಿಲ್ಲ, ಏನು ಹೇಳ್ಲಿ?”