ಇನ್ನೊಂದು ಚೂರು ಉಪ್ಪು

"ಒಂದು ಚಿಪ್ಸ್ ತಿಂದು ಹೇಳೋಕೆ ಒಂದು ರಾತ್ರಿ ಬೇಕಾ ಮೇಷ್ಟ್ರೇ? ನನ್ನ ಮದುವೆಗೂ ನಾನು ಅಷ್ಟು ಯೋಚನೆ ಮಾಡಿರಲಿಲ್ಲ."

ಹೊಸ ಮ್ಯಾನೇಜರು ನಕ್ಕರು. ಕಣ್ಣು ಮಾತ್ರ ನಗಲಿಲ್ಲ. ಮೇಜಿನ ಮೇಲೆ ಎರಡು ಬಟ್ಟಲು. ಎದುರಿಗೆ ಚಿಪ್ಸ್ ಕಾರ್ಖಾನೆಯಲ್ಲಿ ರುಚಿ ನೋಡಿ ಹೇಳುವಾತ. ಎಲ್ಲರ ಬಾಯಲ್ಲೂ ಅವರ ಹೆಸರು 'ನಾಲಿಗೆ ಮೇಷ್ಟ್ರು'.

ಮೇಷ್ಟ್ರು ಎರಡು ಬಟ್ಟಲಿನಿಂದಲೂ ಒಂದೊಂದು ಬಿಲ್ಲೆ ಎತ್ತಿ, ಕಣ್ಣು ಮುಚ್ಚಿ, ಮೆಲುಕು ಹಾಕುವ ಎತ್ತಿನ ಹಾಗೆ ನಿಧಾನವಾಗಿ ಅಗಿದರು.

"ನಾಳೆ ಹೇಳ್ತೀನಿ ಸಾರ್. ರುಚಿ ನಾಲಿಗೆ ಮೇಲೆ ಒಂದು ರಾತ್ರಿ ಮಲಗಿ ಎದ್ದರೇನೇ ನಿಜ ಹೇಳೋದು."

"ಮೊದಲೆಲ್ಲ ನಿಂತ ಕಾಲಲ್ಲೇ ಹೇಳ್ತಿದ್ರಂತೆ?"

"ಆಗ ವಯಸ್ಸಿತ್ತು."

ಮ್ಯಾನೇಜರು ಅದನ್ನು ಕೆದಕಲಿಲ್ಲ. "ನೋಡಿ, ಉಪ್ಪು ಜಾಸ್ತಿ ಅಂತ ಶಾಲೆಯವರು ನಮ್ಮ ಪ್ಯಾಕೆಟ್ಟನ್ನ ಗೇಟಿನ ಹೊರಗೇ ನಿಲ್ಲಿಸ್ತಿದ್ದಾರೆ. ಮೇಲಿನವರಿಗೆ ಚಿಂತೆ ಹತ್ತಿದೆ. ಈ ಬಟ್ಟಲಲ್ಲಿ ಹಳೇ ಉಪ್ಪು, ಆ ಬಟ್ಟಲಲ್ಲಿ ಇದರ ಅರ್ಧ. ತಿನ್ನೋರಿಗೆ ವ್ಯತ್ಯಾಸ ಗೊತ್ತಾಗಲ್ಲ ಅಂತ ನೀವು ಅಂದ್ರೆ ಅರ್ಧದ್ದೇ ಮಾರ್ತೀವಿ. ಗೊತ್ತಾಗುತ್ತೆ ಅಂದ್ರೆ ಹಳೇದೇ ಗಟ್ಟಿ. ನಿಮ್ಮ ಮಾತೇ ಕೊನೆ."

ಮೇಷ್ಟ್ರು ಎರಡು ಡಬ್ಬಿಗೆ ಒಂದೊಂದು ಹಿಡಿ ತುಂಬಿ, ಯಾವುದು ಯಾವುದೆಂದು ಗುರುತಿಟ್ಟುಕೊಂಡು, ಕಾಲೆಳೆಯುತ್ತ ಮನೆಯ ದಾರಿ ಹಿಡಿದರು.

ಹರೆಯದಲ್ಲಿ ಅವರು ಆ ಕಾರ್ಖಾನೆಗೆ ಬಂದದ್ದು ಆಲೂಗಡ್ಡೆ ಮೂಟೆ ಇಳಿಸುವುದಕ್ಕೆ. ಹಸಿ ಗಡ್ಡೆಯನ್ನು ಕಚ್ಚಿ, ಇದು ಕೆರೆ ಕೆಳಗಿನ ಹೊಲದ್ದು, ಇದು ಗುಡ್ಡದ ಮೇಲಿನದು ಎನ್ನುತ್ತಿದ್ದರು. ಹಳೆಯ ಯಜಮಾನರು ಅದನ್ನು ಕೇಳಿಸಿಕೊಂಡು ಒಳಗೆ ಕರೆದು ಕೂರಿಸಿದ್ದರು.

ಆ ನಾಲಿಗೆ ಸತ್ತು ಆರು ವರ್ಷವಾಗಿತ್ತು. ಕೆಟ್ಟ ಜ್ವರವೊಂದು ಮನೆ ಹೊಕ್ಕಿತ್ತು. ಗಂಡ ಹೆಂಡತಿ ಅಕ್ಕಪಕ್ಕ ಚಾಪೆ ಹಾಸಿ ಮಲಗಿಬಿಟ್ಟಿದ್ದರು. ಪಕ್ಕದ ಮನೆಯಾಕೆ ಬಾಗಿಲಲ್ಲಿ ಗಂಜಿ ಇಟ್ಟು ಹೋಗುತ್ತಿದ್ದಳು. ಎದ್ದ ಮೇಲೆ ಮೇಷ್ಟ್ರ ಬಾಯಿಗೆ ಗಂಜಿಯೂ ಒಂದೇ, ಸುಣ್ಣದ ನೀರೂ ಒಂದೇ. ಮೂಗೂ ಜೊತೆಗೇ ಹೋಗಿತ್ತು.

ಈ ಕೆಲಸ ಹೋದರೆ ಮತ್ತೆ ಮೂಟೆ ಹೊರುವ ಬೆನ್ನು ಉಳಿದಿರಲಿಲ್ಲ. ಹೆಂಡತಿಯೊಬ್ಬಳಿಗೇ ಹೇಳಿದರು. ಅವಳು ಅವರ ಮುಖವನ್ನೇ ನೋಡುತ್ತ, "ಡಬ್ಬೀಲಿ ಹಾಕ್ಕೊಂಡು ಬನ್ನಿ, ನಾನು ನೋಡಿ ಹೇಳ್ತೀನಿ" ಅಂದಳು.

ಮೊದಲ ಸಲ ಅವಳು ಹೇಳಿದ್ದು, "ಇನ್ನೊಂದು ಚೂರು ಉಪ್ಪು ಬೇಕು." ಮರುದಿನ ಮೇಷ್ಟ್ರು ಅದನ್ನೇ ಒಪ್ಪಿಸಿದರು. ಅಂಗಡಿಗಳಲ್ಲಿ ಮಾಲು ನಿಲ್ಲಲಿಲ್ಲ; ಯಜಮಾನರು ಬೆನ್ನು ತಟ್ಟಿದರು. ಅಲ್ಲಿಂದ ಮುಂದೆ, ಹೊಸ ಮಾಲು ಬಂದಾಗಲೆಲ್ಲ ಡಬ್ಬಿ ಮನೆಗೆ ಬಂತು, ಇನ್ನೊಂದು ಚೂರು ಉಪ್ಪು ಕಾರ್ಖಾನೆಗೆ ಹೋಯಿತು.

ಬೀದಿಯ ಮಕ್ಕಳ ಬೆರಳ ತುದಿಯಲ್ಲಿ ಈಗ ಸದಾ ಮಸಾಲೆಯ ಕೆಂಪು. ಮೂಲೆಯ ಔಷಧದಂಗಡಿಯವನು ಗೋಡೆ ಒಡೆದು ಅಂಗಡಿ ಅಗಲ ಮಾಡಿಸಿದ್ದ. ಪಕ್ಕದ ಮನೆಯಾಕೆಯ ಮಗಳು ಇನ್ನೂ ಶಾಲೆ ಮುಗಿಸಿಲ್ಲ, ಬಿಪಿ ಮಾತ್ರೆ ನುಂಗುತ್ತಾಳೆ.

ಆ ತಾಯಿ ಇಂದೂ ಮನೆಯ ಗೇಟಿನ ಬಳಿ ತಡೆದಳು. "ನಾನು ಮಾಡಿದ್ದೆಲ್ಲ ಸಪ್ಪೆಯಂತೆ ಮೇಷ್ಟ್ರೇ. ತಟ್ಟೆ ತಳ್ಳಿ ನಿಮ್ಮ ಪ್ಯಾಕೆಟ್ ಒಡೀತಾಳೆ. ಅದಕ್ಕೇನು ಮದ್ದು ಹಾಕ್ತೀರೋ!"

"ಏನಿಲ್ಲಮ್ಮ," ಅಂದರು ಮೇಷ್ಟ್ರು. "ಉಪ್ಪು."

ವ್ಯತ್ಯಾಸ ಗೊತ್ತಾಗಬಾರದು ಎಂಬ ಆಸೆ ದಾರಿಯುದ್ದಕ್ಕೂ ಅವರ ಬೆನ್ನು ಹತ್ತಿ ಬಂದಿತ್ತು. ಆದರೆ ಸುಳ್ಳು ಹೇಳಿ, ನಾಳೆ ಜನ ತಿಂದು ಉಗಿದರೆ? ಕೆಲಸವೂ ಹೋದೀತು, ಅರ್ಧ ಉಪ್ಪಿನ ಮಾತೂ ಅಲ್ಲಿಗೇ ಮುಗಿದೀತು. ನಿಜವೇ ಬೇಕಿತ್ತು.

ಹೆಂಡತಿ ಕಾಳು ಅಳೆದು ಒಲೆಯ ಮೇಲೆ ಬೇಯಲಿಟ್ಟು, ಅಡುಗೆಮನೆಯ ಹೊಸ್ತಿಲ ಪಕ್ಕ ಕಾಲು ಚಾಚಿ ಕುಳಿತಿದ್ದಳು. ಹಿಂದೆಲ್ಲ ಕೈಯಳತೆಯಲ್ಲೇ ಹಾಕುತ್ತಿದ್ದವಳು ಈಚಿನ ವರ್ಷಗಳಲ್ಲಿ ಎಲ್ಲಕ್ಕೂ ಚಮಚ ಹಿಡಿಯುತ್ತಿದ್ದಳು. ವಯಸ್ಸಾಯಿತಲ್ಲ, ಕೈಗೆ ನಂಬಿಕೆಯಿಲ್ಲ ಅಂದುಕೊಂಡಿದ್ದರು ಮೇಷ್ಟ್ರು.

ಎರಡು ಡಬ್ಬಿ ಅವಳ ಮುಂದಿಟ್ಟರು. ತಮ್ಮ ಆಸೆಯ ನೆರಳೂ ಅವಳ ಮೇಲೆ ಬೀಳಬಾರದೆಂದು ಕಿಟಕಿಯತ್ತ ತಿರುಗಿ ನಿಂತರು.

"ಏನ್ರೀ, ಆ ಕಡೆ ಯಾಕೆ ತಿರುಗಿದ್ರಿ?"

"ಸುಮ್ನೆ. ತಿಂದು ಹೇಳು, ಎರಡಕ್ಕೂ ವ್ಯತ್ಯಾಸ ಇದೆಯಾ?"

"ಬೆನ್ನಿಗೆ ಏನು ಹೇಳಲಿ? ಇತ್ತ ತಿರುಗಿ."

"ರುಚಿ ನೋಡೋದು ನಿನ್ನ ನಾಲಿಗೆ ಕಣೇ, ನನ್ನ ಮುಖ ಅಲ್ಲ."

ಅವಳು ಮುಚ್ಚಳ ತೆಗೆದಳು. ಕುರುಕುರು ಸದ್ದು. ಮತ್ತೆ ಸದ್ದು. ಬೀದಿಯಲ್ಲಿ ಸೈಕಲ್ಲೊಂದು ಹೋಯಿತು. ಇಷ್ಟು ಹೊತ್ತು ಅವಳು ಯಾವತ್ತೂ ತೆಗೆದುಕೊಂಡವಳಲ್ಲ.

"ಎಡಗಡೆ ಡಬ್ಬಿದು ಸಪ್ಪೆ," ಎಂದಳು ಕೊನೆಗೆ. "ಅದಕ್ಕೆ ಇನ್ನೊಂದು ಚೂರು ಉಪ್ಪು ಬೇಕು."

ಮೇಷ್ಟ್ರು ತಿರುಗಿದರು. "ಎಡಗಡೆದಾ? ಸರಿಯಾಗಿ ನೋಡೇ."

"ನೋಡಿದೆನಲ್ಲ. ಎಡಗಡೆದೇ."

"ಪೂರ್ತಿ ಉಪ್ಪು ಇರೋದೇ ಅದರಲ್ಲಿ!"

ಅವಳ ಕೈ ಡಬ್ಬಿಯ ಮೇಲೆ ನಿಂತುಹೋಯಿತು.

ಅಷ್ಟರಲ್ಲಿ ಹಿತ್ತಲ ಬಾಗಿಲು ದಡಾರನೆ ತೆರೆದುಕೊಂಡಿತು. ಪಕ್ಕದ ಮನೆಯಾಕೆ ಮೂಗು ಮುಚ್ಚಿಕೊಂಡು ಒಳಗೆ ನುಗ್ಗಿ, ಒಲೆ ಆರಿಸಿ, ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟಳು. ಅದು ಚೊಯ್ ಎಂದು ಬುಸುಗುಟ್ಟಿತು.

"ಅಕ್ಕಾ, ಕಾಳು ಸೀದು ಕರಕಲಾಗಿದೆಯಲ್ಲೇ! ನಮ್ಮ ಮನೆ ತುಂಬ ಕಮಟು. ಇಬ್ಬರೂ ಇಲ್ಲೇ ಕೂತಿದ್ದೀರಿ, ಮೂಗು ಅಡ ಇಟ್ಟಿದ್ದೀರಾ?"

ಮೇಷ್ಟ್ರ ಮೂಗಿನ ಕಥೆ ಸರಿ. ಆದರೆ ಒಲೆಗೆ ಹತ್ತಿರ ಕುಳಿತಿದ್ದವಳು ಹೆಂಡತಿ. ಅವರು ನಿಧಾನವಾಗಿ ಅವಳತ್ತ ನೋಡಿದರು.

ಅವಳು ಎರಡೂ ಡಬ್ಬಿಗಳ ಮುಚ್ಚಳ ಹಾಕಿದಳು. ಪಕ್ಕದ ಮನೆಯಾಕೆ ಹೊರಗೆ ಹೋಗುವವರೆಗೆ ಕಾದಳು.

"ಆ ಜ್ವರದಲ್ಲಿ ನಾನೂ ನಿಮ್ಮ ಪಕ್ಕದಲ್ಲೇ ಮಲಗಿದ್ದೆನಲ್ರೀ."